ಟೈಟಲ್ ಹಿಂದಕ್ಕೆ ವಾಲಿಕೊಂಡು ದೂರ ಹೋಗಬೇಕು, ಹೇಗೆ?

ಪ್ರಶ್ನೆ: ಸ್ಟಾರ್ ವಾರ್ಸ್ ಶುರುವಿನಲ್ಲಿ ಬರುತ್ತಲ್ಲ, ಹಾಗೆ ಅಕ್ಷರಗಳು ದೂರ ಹೋಗಿ ಮಾಯವಾಗಬೇಕು. ಸ್ಕೇಲ್ ಕಡಿಮೆ ಮಾಡುತ್ತಾ ಮೇಲಕ್ಕೆ ಕಳಿಸಿದೆ. ಸರಿ ಬರುತ್ತಿಲ್ಲ, ಯಾಕೆ?

ಅಕ್ಟೋಬರ್ ಕೊನೆ ಬಂತು ಅಂದರೆ ಈ ಪ್ರಶ್ನೆ ಬಂದೇ ಬರುತ್ತದೆ. ನಾಳೆ ಸಂಜೆ ಅಪಾರ್ಟ್‌ಮೆಂಟಿನ ರಾಜ್ಯೋತ್ಸವದಲ್ಲಿ ಎಲ್‌ಇಡಿ ಪರದೆ ಮೇಲೆ ವಿಡಿಯೊ ಓಡಬೇಕು, ಮೆಸೇಜು ಬರುವುದು ಇವತ್ತು ರಾತ್ರಿ ಹನ್ನೊಂದಕ್ಕೆ. ಉತ್ತರ ಐದು ಪದದಲ್ಲಿದೆ: ಮೊದಲು ಉರುಳಿಸಿ, ಆಮೇಲೆ ಹಿಂದಕ್ಕೆ ವಾಲಿಸಿ. ಅಂದರೆ ಅಕ್ಷರಗಳು ಮೊದಲು ಕೆಳಗಿನಿಂದ ಮೇಲಕ್ಕೆ ನೆಟ್ಟಗೆ ಸಾಗಲಿ, ಆಮೇಲೆ ಅದಷ್ಟನ್ನೂ ಒಟ್ಟಿಗೆ ವಾಲಿಸಿ.

ಆದರೆ ಈ ಸ್ಕೇಲ್ (ಗಾತ್ರದ ಶೇಕಡಾ) ಅನ್ನೋ ಭೂತ ಬಿಡಬೇಕಲ್ಲ! ಯಾರು ಹೇಳಿಕೊಟ್ಟರೋ ಗೊತ್ತಿಲ್ಲ, ಎಲ್ಲರೂ ಅದನ್ನೇ ಮಾಡುತ್ತಾರೆ. ಪರದೆ ಮೇಲೆ ಹತ್ತು ಸಾಲು ಇದೆ ಅಂದುಕೊಳ್ಳಿ. ಸ್ಕೇಲನ್ನು 100ರಿಂದ 30ಕ್ಕೆ ಇಳಿಸಿದರೆ ಹತ್ತೂ ಸಾಲು ಒಟ್ಟಿಗೆ ಚಿಕ್ಕದಾಗುತ್ತವೆ. ಅದು ಬಲೂನು ಹಾರಿಹೋದ ಹಾಗೆ ಕಾಣುತ್ತದೆ ಅಷ್ಟೇ. ನಿಮಗೆ ಬೇಕಿರುವುದು ಒಂದೇ ಫ್ರೇಮಿನಲ್ಲಿ ಕೆಳಗಿನ ಸಾಲು ದೊಡ್ಡದು, ಮೇಲಿನದು ಚಿಕ್ಕದು.

‘ಹಾಗಾದ್ರೆ ಒಂದೊಂದು ಸಾಲನ್ನೂ ಬೇರೆ ಲೇಯರ್ ಮಾಡಿ ಚಿಕ್ಕದು ಮಾಡ್ತೀನಿ’ ಅಂತ ಒಬ್ಬರು ರಾತ್ರಿಯೆಲ್ಲ ಕೂತಿದ್ದರು, ಪಾಪ. ಅದೂ ಆಗಲ್ಲ. ಎರಡು ಪಟ್ಟು ದೂರದ ಸಾಲಿನ ಅಗಲ ಅರ್ಧ ಆಗುತ್ತದೆ, ಆದರೆ ಸಾಲುಗಳ ನಡುವಿನ ಅಂತರ ಹೆಚ್ಚುಕಡಿಮೆ ಕಾಲು ಭಾಗಕ್ಕೆ ಇಳಿಯುತ್ತದೆ. ಅಕ್ಷರದ ಒಳಗೂ ಇದೇ ಕತೆ. ತಲೆಕಟ್ಟು ಕುಗ್ಗುತ್ತದೆ, ಕೆಳಗಿನ ಒತ್ತು ಹಿಗ್ಗುತ್ತದೆ. ಇದನ್ನೆಲ್ಲ ಕೈಯಲ್ಲಿ ಮಾಡೋಕೆ ಹೋಗಬೇಡಿ.

ದರ್ಶಿನಿಯಲ್ಲಿ ಕಾಫಿ ಕುಡಿಯುವಾಗ ಟೇಬಲ್ ಮೇಲೆ ಪೇಪರ್ ಇಟ್ಟು, ಬಗ್ಗಿ ಅಂಚಿನಿಂದ ನೋಡಿ. ಈಗ ಪೇಪರನ್ನು ಟೇಬಲ್ ಮೇಲೇ ಆಚೆ ತಳ್ಳಿ. ಎತ್ತಬೇಡಿ, ತಳ್ಳಿ. ಅಷ್ಟೇ ಟ್ರಿಕ್ಕು. 1977ರಲ್ಲಿ ಆ ಸಿನಿಮಾದವರು ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ. ಸುಮಾರು 2 ಅಡಿ ಅಗಲ, 6 ಅಡಿ ಉದ್ದದ ಅಕ್ಷರದ ಹಲಗೆಯನ್ನು ನೆಲದ ಮೇಲೆ ಮಲಗಿಸಿ, ಅದರ ಉದ್ದಕ್ಕೂ ಕ್ಯಾಮೆರಾ ಓಡಿಸಿದರು. ಕಂಪ್ಯೂಟರೇ ಇಲ್ಲ!

ಇದನ್ನೇ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಮಾಡಬೇಕು. ಡಾವಿಂಚಿ ರಿಸಾಲ್ವ್ ಇದ್ದರೆ ಸ್ಕ್ರೋಲ್ ಟೈಟಲ್ ಹಾಕಿ, ಕಾಂಪೌಂಡ್ ಕ್ಲಿಪ್ ಮಾಡಿ (ಅಂದರೆ ಓಡುವ ಟೈಟಲನ್ನು ಒಂದೇ ಕ್ಲಿಪ್ಪಾಗಿ ಕಟ್ಟಿ), ಅದರ ಪಿಚ್ (ಹಿಂದೆ-ಮುಂದೆ ವಾಲುವ ಕೋನ) ತಿರುಗಿಸಿ. ಪ್ರೀಮಿಯರ್‌ನಲ್ಲಿ ರೋಲ್ ಟಿಕ್ ಮಾಡಿ, ನೆಸ್ಟ್ ಮಾಡಿ (ಇದೂ ಹಾಗೆ ಕಟ್ಟುವುದೇ), ಬೇಸಿಕ್ 3ಡಿ ಎಫೆಕ್ಟಿನಲ್ಲಿ ಟಿಲ್ಟ್ ಕೊಡಿ. ಆಫ್ಟರ್ ಎಫೆಕ್ಟ್ಸ್‌ನಲ್ಲಿ ಮಾತ್ರ ಒಂದು ಹಳ್ಳ ಇದೆ, ಎಲ್ಲರೂ ಅದರಲ್ಲಿ ಬೀಳುತ್ತಾರೆ. 3ಡಿ ಆನ್ ಮಾಡಿ ಎಕ್ಸ್ ರೊಟೇಶನ್ -65 ಕೊಟ್ಟು ವೈ ಪೊಸಿಶನ್ ಓಡಿಸಿದರೆ ಅಕ್ಷರ ಆಚೆ ಹೋಗಲ್ಲ, ಪೇಪರನ್ನು ಟೇಬಲಿನಿಂದ ಎತ್ತಿದ ಹಾಗೆ ನೆಟ್ಟಗೆ ಮೇಲೇಳುತ್ತದೆ. ಆ ರೊಟೇಶನ್ನನ್ನು ವಾಪಸ್ ಸೊನ್ನೆಗೆ ತನ್ನಿ, 3ಡಿ ಆನ್ ಇರಲಿ. ಒಂದು ನಲ್ ಆಬ್ಜೆಕ್ಟ್ (ಕಣ್ಣಿಗೆ ಕಾಣದ ಖಾಲಿ ಲೇಯರ್) ಮಾಡಿ, ಮೊದಲು ಟೆಕ್ಸ್ಟನ್ನು ಅದಕ್ಕೆ ಪೇರೆಂಟ್ ಮಾಡಿ (ಅದು ವಾಲಿದರೆ ಇದೂ ವಾಲುವ ಹಾಗೆ ಕಟ್ಟಿ), ಆಮೇಲೆ ನಲ್ ಅನ್ನು 3ಡಿ ಮಾಡಿ ವಾಲಿಸಿ. ಈಗ ಟೆಕ್ಸ್ಟಿನ ವೈ ಓಡಿಸಿದರೆ ಅದು ಇಳಿಜಾರಿನ ಮೇಲೇ ಜಾರುತ್ತದೆ. ಕೀಫ್ರೇಮ್ (ಚಲನೆಯ ಶುರು-ಕೊನೆಯ ಗುರುತು) ಲೀನಿಯರ್ ಇರಲಿ, ಅಂದರೆ ವೇಗ ಒಂದೇ ಸಮ. ನಿಧಾನಕ್ಕೆ ಶುರುವಾಗಿ ನಿಧಾನಕ್ಕೆ ನಿಲ್ಲುವ ಈಸ್ ಬೇಡ. ನೆಸ್ಟ್ ಮಾಡಿದವರಿಗೆ ಮೇಲಿನ ಅಂಚಿನಲ್ಲಿ ಅಕ್ಷರ ಕತ್ತರಿಸಿದ ಹಾಗೆ ಮಾಯವಾಗುತ್ತದೆ, ಅಲ್ಲೊಂದು ಮಾಸ್ಕ್ ಹಾಕಿ ಫೆದರ್ (ಅಂಚಿನ ಮಸುಕು) ಜಾಸ್ತಿ ಮಾಡಿ.

ಇನ್ನು ನೀವು ಕೇಳದ ಪ್ರಶ್ನೆ. ಟಿಲ್ಟ್ ಎಲ್ಲ ಸರಿ, ಕನ್ನಡವೇ ಸರಿ ಇಲ್ಲದಿದ್ದರೆ? ನಾನು ಮಾಡಿದ ಮೊದಲ ಮದುವೆ ವಿಡಿಯೊದಲ್ಲಿ, ಬಸವನಗುಡಿಯ ಛತ್ರವೊಂದರಲ್ಲಿ, ಮುನ್ನೂರು ಜನರ ಮುಂದೆ ‘ಅಕ್ಕರೆಯ’ ಅನ್ನೋದು ‘ಅಕ್‌ಕರೆಯ’ ಅಂತ ತೇಲಿಕೊಂಡು ಹೋಯಿತು. ಹುಡುಗಿಯ ಚಿಕ್ಕಪ್ಪ ಕನ್ನಡ ಮೇಷ್ಟ್ರು ಬೇರೆ. ಅಡೋಬಿಯವರ ಪ್ರೀಮಿಯರ್, ಆಫ್ಟರ್ ಎಫೆಕ್ಟ್ಸ್‌ನ ಹಳೆಯ ಆವೃತ್ತಿಗಳಲ್ಲಿ ಪ್ರಿಫರೆನ್ಸಸ್‌ಗೆ ಹೋಗಿ ಟೆಕ್ಸ್ಟ್ ಎಂಜಿನ್ನನ್ನು ಸೌತ್ ಏಷ್ಯನ್ ಅಂಡ್ ಮಿಡಲ್ ಈಸ್ಟರ್ನ್‌ಗೆ ಬದಲಿಸಬೇಕು. ಆಗಲೇ ಒತ್ತು ಜಾಗಕ್ಕೆ ಬರುವುದು. ನುಡಿ ತಂತ್ರಾಂಶದಲ್ಲಿ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ನೇರ ಪೇಸ್ಟ್ ಮಾಡಬೇಡಿ, ಯೂನಿಕೋಡಿಗೆ ಬದಲಿಸಿಕೊಳ್ಳಿ. ಸಾಲುಗಳ ಅಂತರ ಇಂಗ್ಲಿಷಿಗಿಂತ ಜಾಸ್ತಿ ಇಡಿ, ಇಲ್ಲಾಂದ್ರೆ ದೂರ ಹೋದಂತೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ಅಂಟಿಕೊಳ್ಳುತ್ತದೆ. ತೆಳ್ಳಗಿನ ಫಾಂಟ್ ಬೇಡ, ದೂರದಲ್ಲಿ ಮಿಣಮಿಣ ಅನ್ನುತ್ತದೆ. ಬಾಲೂ ತಮ್ಮ ಅಥವಾ ನೋಟೊ ಸಾನ್ಸ್ ಕನ್ನಡದ ಬೋಲ್ಡ್ ಹಾಕಿ, ರೆಂಡರ್ ಆದಮೇಲೆ ಲ್ಯಾಪ್‌ಟಾಪಿನಿಂದ ಹತ್ತು ಹೆಜ್ಜೆ ದೂರ ನಿಂತು ಒಮ್ಮೆ ಓದಿ ನೋಡಿ.