ನಮ್ಮ ಪುಟದಲ್ಲಿ ಬ್ರೌಸರ್ ತಾನೇ ಕೊಂಡಿ ಹಾಕಬಹುದಾ?

2001ರ ಜೂನ್. ವಿಂಡೋಸ್ ಎಕ್ಸ್‌ಪಿ ಇನ್ನೂ ಮಾರಾಟಕ್ಕೆ ಬಂದಿರಲಿಲ್ಲ. ಪರೀಕ್ಷೆಗೆ ಬಿಟ್ಟ ಆವೃತ್ತಿಯ ಇಂಟರ್ನೆಟ್ ಎಕ್ಸ್‌ಪ್ಲೋರರ್ 6 ಎಂಬ ಮೈಕ್ರೋಸಾಫ್ಟ್ ಬ್ರೌಸರ್ ಬಳಸಿದವರಿಗೆ ಪುಟಗಳಲ್ಲಿ ಕೆಲವು ಪದಗಳ ಕೆಳಗೆ ನೇರಳೆ ಗೆರೆ ಕಾಣಿಸಿತು. ಅದನ್ನು ಆ ಪುಟ ಬರೆದವರು ಹಾಕಿರಲಿಲ್ಲ, ಬ್ರೌಸರ್ ಹಾಕಿತ್ತು. ಗೆರೆಯ ಮೇಲೆ ಮೌಸ್ ಇಟ್ಟರೆ ಮೈಕ್ರೋಸಾಫ್ಟ್ ಅಥವಾ ಅದರ ಜೊತೆಗಾರರು ಆರಿಸಿದ ಕೊಂಡಿಗಳು. ಇದರ ಹೆಸರು ಸ್ಮಾರ್ಟ್ ಟ್ಯಾಗ್.

ವಾಲ್ ಸ್ಟ್ರೀಟ್ ಜರ್ನಲ್‌ನಲ್ಲಿ ತಂತ್ರಜ್ಞಾನದ ಅಂಕಣ ಬರೆಯುತ್ತಿದ್ದ ವಾಲ್ಟರ್ ಮಾಸ್‌ಬರ್ಗ್ ಇದನ್ನು ಕಟುವಾಗಿ ಟೀಕಿಸಿದರು. ಬೇಡದವರು ತಮ್ಮ ಪುಟದ ಕೋಡ್‌ಗೆ ಒಂದು ಸಾಲು ಸೇರಿಸಿಕೊಳ್ಳಬಹುದು ಅಂತ ಕಂಪನಿ ಹೇಳಿತು. ನನಗೆ ತಪ್ಪು ಅನ್ನಿಸುವುದು ಇದೇ: ಪುಟ ಬರೆದವರು ಕೇಳಿರಲಿಲ್ಲ, ಆದರೂ ಬೇಡ ಅನ್ನುವ ಕೆಲಸ ಅವರ ತಲೆಗೆ ಬಂತು. ಆಗ ಹೆಚ್ಚಿನ ಜನ ಬಳಸುತ್ತಿದ್ದದ್ದು ಇದೇ ಬ್ರೌಸರ್, ಮೇಲಿಂದ ಅಮೆರಿಕದಲ್ಲಿ ಮೈಕ್ರೋಸಾಫ್ಟ್ ಮೇಲೆ ಏಕಸ್ವಾಮ್ಯದ ಕೇಸು ಬೇರೆ ನಡೆಯುತ್ತಿತ್ತು. ತಿಂಗಳು ಮುಗಿಯುವುದರೊಳಗೆ ಎಕ್ಸ್‌ಪಿಯಿಂದ ಸ್ಮಾರ್ಟ್ ಟ್ಯಾಗ್ ಕೈಬಿಟ್ಟರು.

2005ರಲ್ಲಿ ಗೂಗಲ್ ತನ್ನ ಟೂಲ್‌ಬಾರ್‌ಗೆ, ಅಂದರೆ ಬ್ರೌಸರ್‌ಗೆ ಸೇರಿಸಿಕೊಳ್ಳುವ ಗುಂಡಿಗಳ ಪಟ್ಟಿಗೆ, ಆಟೋಲಿಂಕ್ ಸೇರಿಸಿತು. ವಿಳಾಸ ಇದ್ದರೆ ನಕ್ಷೆಗೆ ಕೊಂಡಿ, ಪುಸ್ತಕದ ಗುರುತಿನ ಸಂಖ್ಯೆ ಐಎಸ್‌ಬಿಎನ್ ಇದ್ದರೆ ಅಮೆಜಾನ್‌ಗೆ. ಅಂದರೆ ನೀವು ನಿಮ್ಮ ಪುಸ್ತಕದಂಗಡಿಯ ಪುಟದಲ್ಲಿ ಆ ಸಂಖ್ಯೆಯನ್ನು ಸುಮ್ನೆ ಬರೆದಿದ್ದರೂ, ಓದುವವರನ್ನು ಪಕ್ಕದ ದೊಡ್ಡ ಅಂಗಡಿಗೆ ಕಳಿಸುವ ದಾರಿ ಅಲ್ಲೇ ತೆರೆಯುತ್ತಿತ್ತು. ಆದರೆ ಇಲ್ಲಿ ಒಂದು ವ್ಯತ್ಯಾಸ ಇದೆ. ಓದುವವರೇ ಗುಂಡಿ ಒತ್ತಬೇಕಿತ್ತು. ಇದು ನನಗೆ ಬಹಳ ದೊಡ್ಡ ವ್ಯತ್ಯಾಸ. ನಾನು ಕೇಳಿ ಅಕ್ಷರ ದೊಡ್ಡದು ಮಾಡಿಸಿಕೊಂಡರೆ, ಪುಟವನ್ನು ಕನ್ನಡಕ್ಕೆ ತಿರುಗಿಸಿಕೊಂಡರೆ, ಜಾಹೀರಾತು ತಡೆದರೆ, ಬ್ರೌಸರ್ ನನ್ನ ಕೆಲಸ ಮಾಡಿದ ಹಾಗೆ. ನಾನು ಕೇಳದೆ ಅದು ತನ್ನ ಕಂಪನಿಯ ಕೊಂಡಿ ತಂದಿಟ್ಟರೆ ಅದು ಯಾರ ಕೆಲಸ?

ಬ್ರೌಸರ್ ಅಲ್ಲದವರೂ ಇದೇ ಮಾಡಿದ್ದಾರೆ. 2015ರಲ್ಲಿ ಲೆನೊವೊ ಲ್ಯಾಪ್‌ಟಾಪ್‌ಗಳಲ್ಲಿ ಮೊದಲೇ ತುಂಬಿದ್ದ ಸೂಪರ್‌ಫಿಶ್ ಎಂಬ ತಂತ್ರಾಂಶ ಬೇರೆಯವರ ಪುಟಗಳಲ್ಲಿ ಜಾಹೀರಾತು ತೂರಿಸುತ್ತಿತ್ತು, ಅದಕ್ಕಾಗಿ ಸುರಕ್ಷಿತ ಸಂಪರ್ಕದ ಬೀಗವನ್ನೇ ಮುರಿದಿತ್ತು. ಅದೇ ವರ್ಷ ಬೆಂಗಳೂರಿನ ಒಬ್ಬ ಪ್ರೋಗ್ರಾಮರ್, ಏರ್‌ಟೆಲ್ 3ಜಿಯಲ್ಲಿ ತಮ್ಮದೇ ತಾಣ ತೆರೆದಾಗ ತಾವು ಬರೆಯದ ಕೋಡ್ ಅದರಲ್ಲಿ ಇರುವುದನ್ನು ಕಂಡು ಬಯಲಿಗೆ ತಂದರು. ಅವರಿಗೆ ಸಿಕ್ಕಿದ್ದು ಆ ಕೋಡ್ ಮಾಡಿದ ಇಸ್ರೇಲಿ ಕಂಪನಿಯ ಲಾಯರ್ ನೋಟಿಸು!

ಆಮೇಲೆ ಪುಟಕ್ಕೆ ಬೀಗ ಹಾಕಿ ಕಳಿಸುವ ಎಚ್‌ಟಿಟಿಪಿಎಸ್ ಎಲ್ಲ ಕಡೆ ಹರಡಿತು. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ಅದಕ್ಕೆ ಬೇಕಾದ ಪ್ರಮಾಣಪತ್ರವನ್ನು ಪುಕ್ಕಟೆ ಕೊಡಲು ಶುರು ಮಾಡಿದ ಮೇಲೆ ಸಣ್ಣ ತಾಣಗಳಿಗೂ ಅದು ಸುಲಭವಾಯಿತು. ನಡುವೆ ನಿಂತು ಪುಟ ತಿದ್ದುವುದು ಕಷ್ಟವಾಯಿತು. ಆದರೆ ಈ ಬೀಗ ಬ್ರೌಸರನ್ನು ತಡೆಯಲ್ಲ. ಯಾಕಂದ್ರೆ ಬೀಗ ತೆಗೆದು ಪುಟ ತೋರಿಸುವುದೇ ಬ್ರೌಸರ್. ಕೀಲಿ ಅದರ ಕೈಯಲ್ಲೇ ಇದೆ.

2023ರಲ್ಲಿ ಕ್ರೋಮ್ ಇಳಿಸಿಕೊಳ್ಳುವ ಗೂಗಲ್ ಪುಟಕ್ಕೆ ಹೋದವರಿಗೆ ಮೈಕ್ರೋಸಾಫ್ಟ್‌ನ ಈಗಿನ ಬ್ರೌಸರ್ ಎಡ್ಜ್ ತನ್ನದೇ ದೊಡ್ಡ ಜಾಹೀರಾತು ತೋರಿಸಿತು. 2024ರ ನವೆಂಬರ್‌ನಲ್ಲಿ ಗೂಗಲ್ ತನ್ನ ಐಫೋನ್ ಆ್ಯಪ್‌ನಲ್ಲಿ ಪುಟಗಳ ಪದಗಳಿಗೆ ತಾನೇ ಕೊಂಡಿ ಹಾಕತೊಡಗಿತು. ಒತ್ತಿದರೆ ಗೂಗಲ್ ಹುಡುಕಾಟ ತೆರೆಯುತ್ತೆ. ಸ್ಮಾರ್ಟ್ ಟ್ಯಾಗ್ ಮತ್ತೆ ಬಂದ ಹಾಗೇ ಆಯ್ತು ಅಲ್ವಾ? ಬೇಡದ ತಾಣದವರು ಒಂದು ಫಾರಂ ತುಂಬಬೇಕು, ಅದು ಜಾರಿಯಾಗಲು 30 ದಿನದವರೆಗೆ ಹಿಡಿಯಬಹುದು. ಊರಿನ ಇತಿಹಾಸವನ್ನೋ ಅಡುಗೆಯನ್ನೋ ಕನ್ನಡದಲ್ಲಿ ಬರೆದಿಡುವ ಒಬ್ಬಂಟಿ ಬರಹಗಾರರಿಗೆ ಇಂಥದ್ದೊಂದು ಫಾರಂ ಇದೆ ಅಂತ ಯಾರು ಹೇಳಬೇಕು?