ಚಳಿಯಲ್ಲಿ ಡ್ರೋನ್ ಹಾರಿಸುವಾಗ ಫೋನ್ ಏಕೆ ಆರಿಹೋಗುತ್ತದೆ: ಒಂದು ಅಧ್ಯಯನ ಟಿಪ್ಪಣಿ

ಅಮೆರಿಕದ ಮಿನ್ನೆಸೋಟದಲ್ಲಿ ಜನವರಿಯ ಮಧ್ಯಾಹ್ನಗಳೂ ಸಾಮಾನ್ಯವಾಗಿ ಸೊನ್ನೆ ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ. ಇದೇ ರಾಜ್ಯದ ಟವರ್ ಎಂಬ ಊರಿನ ಬಳಿ 1996ರ ಫೆಬ್ರವರಿ 2ರಂದು ಉಷ್ಣತೆ ಮೈನಸ್ 51 ಡಿಗ್ರಿಗೆ ಇಳಿದದ್ದು ದಾಖಲಾಗಿದೆ. ಅಂಥ ದಿನ ಯಾರೂ ಡ್ರೋನ್ ಹಾರಿಸಲು ಹೊರಡುವುದಿಲ್ಲ. ನಮ್ಮನ್ನು ಕಾಡುವುದು ಮೈನಸ್ 5, ಮೈನಸ್ 8 ಎಂಬ, ನೋಡಲು ಸೌಮ್ಯವೆನಿಸುವ ಬಿಸಿಲಿನ ದಿನಗಳು. ಕಳೆದ ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಒಂದು ಕೆರೆಯ ದಡದಲ್ಲಿ ನಿಂತು ಹಾರಿಸುತ್ತಿದ್ದಾಗ, ಡ್ರೋನ್ ಕ್ಯಾಮೆರಾದ ದೃಶ್ಯ ನೋಡಲೆಂದು ರಿಮೋಟಿಗೆ ಸಿಕ್ಕಿಸಿದ್ದ ನನ್ನ ಫೋನ್ ಶೇ 43ರಷ್ಟು ಚಾರ್ಜ್ ತೋರಿಸುತ್ತಲೇ ಒಮ್ಮೆಲೇ ಕಪ್ಪಾಯಿತು. ಡ್ರೋನ್ ಆಗ 60 ಮೀಟರ್ ಎತ್ತರದಲ್ಲಿತ್ತು. ಮನೆಗೆ ಬಂದು ಫೋನ್ ಬೆಚ್ಚಗಾದ ಮೇಲೆ ಆನ್ ಮಾಡಿದರೆ ಚಾರ್ಜ್ ಹೆಚ್ಚುಕಡಿಮೆ ಅಷ್ಟೇ ಇತ್ತು. ಹಾಗಾದರೆ ಬರಿದಾಗದ ಬ್ಯಾಟರಿ ಕೈಕೊಟ್ಟಿದ್ದೇಕೆ? ಈ ಪ್ರಶ್ನೆಯನ್ನು ಸರಿಯಾಗಿ ಬಿಡಿಸಿಕೊಂಡರೆ ಉಳಿದ ಎಚ್ಚರಿಕೆಗಳನ್ನು ಬಾಯಿಪಾಠ ಮಾಡುವ ಅಗತ್ಯ ಬೀಳುವುದಿಲ್ಲ.

ಊರಿನಲ್ಲಿ ಡಿಸೆಂಬರ್ ಬೆಳಗ್ಗೆ ಕೊಬ್ಬರಿ ಎಣ್ಣೆಯ ಬಾಟಲಿ ಬಗ್ಗಿಸಿದ್ದನ್ನು ನೆನಪಿಸಿಕೊಳ್ಳಿ. ಎಣ್ಣೆ ಎಲ್ಲಿಗೂ ಹೋಗಿರುವುದಿಲ್ಲ, ಆದರೆ ಅಂಗೈಗೆ ಇಳಿಯುವುದಿಲ್ಲ. ಲಿಥಿಯಂ ಅಯಾನ್ ಬ್ಯಾಟರಿಯ ಒಳಗೂ ಇದನ್ನು ಹೋಲುವ ತೊಡಕು ಉಂಟಾಗುತ್ತದೆ. ಎಲೆಕ್ಟ್ರೊಲೈಟ್ ಎಂಬ ದ್ರವದಲ್ಲಿ ಲಿಥಿಯಂ ಅಯಾನುಗಳು, ಅಂದರೆ ವಿದ್ಯುದಾವೇಶವುಳ್ಳ ಲಿಥಿಯಂ ಕಣಗಳು, ಒಂದು ಎಲೆಕ್ಟ್ರೋಡಿನಿಂದ (ಬ್ಯಾಟರಿಯ ಒಂದು ಧ್ರುವದಿಂದ) ಇನ್ನೊಂದಕ್ಕೆ ಚಲಿಸಿದರೆ ಮಾತ್ರ ವಿದ್ಯುತ್ ಹರಿಯುತ್ತದೆ. ಚಳಿಯಲ್ಲಿ ಆ ದ್ರವ ಎಣ್ಣೆಯಂತೆ ಗಟ್ಟಿಯಾಗಿಬಿಡುವುದಿಲ್ಲವಾದರೂ ಮಂದವಾಗುತ್ತದೆ, ಎಲೆಕ್ಟ್ರೋಡುಗಳ ಮೇಲ್ಮೈಯಲ್ಲಿ ನಡೆಯುವ ರಾಸಾಯನಿಕ ಕ್ರಿಯೆಯೂ ನಿಧಾನಗೊಳ್ಳುತ್ತದೆ. ಇವೆಲ್ಲದರ ಒಟ್ಟು ಪರಿಣಾಮವನ್ನು ಬ್ಯಾಟರಿಯ ಒಳರೋಧ, ಅಂದರೆ ವಿದ್ಯುತ್ ಹರಿವಿಗೆ ಅದರೊಳಗೇ ಇರುವ ತಡೆ, ಹೆಚ್ಚಿತು ಎಂದು ಹೇಳುತ್ತೇವೆ.

ಪ್ರೌಢಶಾಲೆಯಲ್ಲಿ ಕಲಿತ ಓಮ್‌ನ ನಿಯಮ ಇಲ್ಲಿ ನೆರವಿಗೆ ಬರುತ್ತದೆ. ಬ್ಯಾಟರಿಯಿಂದ ಹೊರಗೆ ದೊರೆಯುವ ವೋಲ್ಟೇಜ್ ಎಂದರೆ ಅದರ ಮೂಲ ವೋಲ್ಟೇಜಿನಿಂದ, ವಿದ್ಯುತ್ ಪ್ರವಾಹ ಮತ್ತು ಒಳರೋಧಗಳ ಗುಣಲಬ್ಧವನ್ನು ಕಳೆದು ಉಳಿದದ್ದು. ಲೆಕ್ಕಕ್ಕೆಂದು ಕೆಲವು ಅಂಕಿಗಳನ್ನು ಇಟ್ಟುಕೊಳ್ಳೋಣ: ಮೂಲ ವೋಲ್ಟೇಜ್ 3.7, ಫೋನ್ ಎಳೆಯುವ ಪ್ರವಾಹ 2 ಆಂಪಿಯರ್, ಬೆಚ್ಚಗಿರುವಾಗಿನ ಒಳರೋಧ 0.1 ಓಮ್, 3.2 ವೋಲ್ಟಿಗಿಂತ ಕೆಳಗಿಳಿದರೆ ಫೋನ್ ತಾನಾಗಿ ನಿಲ್ಲುತ್ತದೆ. ಬೆಚ್ಚಗಿದ್ದಾಗ ನಷ್ಟ ಕೇವಲ 0.2 ವೋಲ್ಟ್; ಉಳಿದ 3.5 ವೋಲ್ಟಿನಲ್ಲಿ ಫೋನ್ ನಿರಾತಂಕವಾಗಿ ನಡೆಯುತ್ತದೆ. ಚಳಿಗೆ ಒಳರೋಧ 0.35 ಓಮ್‌ಗೆ ಏರಿತೆಂದರೆ ನಷ್ಟ 0.7 ವೋಲ್ಟ್ ಆಗಿ, ಉಳಿಯುವುದು 3.0 ಮಾತ್ರ, ಪರದೆ ಕಪ್ಪಾಗುತ್ತದೆ. ಆದರೆ ಅದೇ ಚಳಿಯಲ್ಲಿ ಪ್ರವಾಹವನ್ನು 1 ಆಂಪಿಯರಿಗೆ ಇಳಿಸಿದ್ದರೆ 3.35 ವೋಲ್ಟ್ ಉಳಿದು ಫೋನ್ ಬದುಕಿರುತ್ತಿತ್ತು. ಈ ಲೆಕ್ಕವನ್ನು ಒಮ್ಮೆ ಕೈಯಾರೆ ಬರೆದು ನೋಡುವುದು ಒಳ್ಳೆಯದು, ಏಕೆಂದರೆ ನಮ್ಮ ಕೈಯಲ್ಲಿರುವ ಹಿಡಿಗಳು ಎರಡೇ: ಒಳರೋಧ ಏರದಂತೆ ಫೋನನ್ನು ಬೆಚ್ಚಗಿಡುವುದು ಮತ್ತು ಅದು ಎಳೆಯುವ ಪ್ರವಾಹವನ್ನು ತಗ್ಗಿಸುವುದು.

ಬ್ಯಾಟರಿ ಹಳತಾದಂತೆ ಒಳರೋಧ ಚಳಿಯಿಲ್ಲದೆಯೂ ಹೆಚ್ಚುತ್ತದೆ, ಚಾರ್ಜ್ ಕಡಿಮೆಯಾದಂತೆ ಮೂಲ ವೋಲ್ಟೇಜ್ ಇಳಿಯುತ್ತದೆ. ಚಳಿ, ಕಡಿಮೆ ಚಾರ್ಜ್ ಮತ್ತು ಹಳೆಯ ಬ್ಯಾಟರಿ ಎಂಬ ಈ ಮೂರರಿಂದ ಫೋನ್ ಅನಿರೀಕ್ಷಿತವಾಗಿ ಆರಬಹುದೆಂದು ಆಪಲ್ ಕಂಪನಿಯೇ 2017ರ ಡಿಸೆಂಬರ್‌ನಲ್ಲಿ ವಿವರಿಸಿತ್ತು. ಐಫೋನನ್ನು 0 ಇಂದ 35 ಡಿಗ್ರಿಯವರೆಗಿನ ವಾತಾವರಣದಲ್ಲಿ ಬಳಸಬೇಕೆಂಬುದು ಅದರ ಸೂಚನೆ. ಡಿಜೆಐ ಮಾವಿಕ್ 3ರಂಥ ಡ್ರೋನ್‌ಗೆ ಮೈನಸ್ 10ರವರೆಗೆ ಅನುಮತಿಯಿದೆ. ಅಂದರೆ ಡ್ರೋನ್ ಹಾರಬಲ್ಲ ದಿನದಲ್ಲೂ ಫೋನ್ ತನ್ನ ಮಿತಿಯನ್ನು ದಾಟಿರಬಹುದು. ಡಿಜೆಐ ಮಿನಿ 2ರಂಥ ಚಿಕ್ಕ ಮಾದರಿಗಳ ಮಿತಿ 0 ಡಿಗ್ರಿಯೇ ಆಗಿರುವುದರಿಂದ ನಿಮ್ಮ ಮಾದರಿಯ ಕೈಪಿಡಿಯನ್ನು ನೋಡಿಯೇ ಹೊರಡಬೇಕು.

ಬೆಚ್ಚಗಿಡುವ ವಿಷಯದಲ್ಲಿ ಅತ್ಯುತ್ತಮ ಸಾಧನ ನಮ್ಮ ಮೈಶಾಖ. ಡ್ರೋನ್, ರಿಮೋಟ್ ಎಲ್ಲವನ್ನೂ ಸಿದ್ಧಪಡಿಸುವವರೆಗೂ ಫೋನ್ ಜಾಕೆಟ್ಟಿನ ಒಳಜೇಬಿನಲ್ಲಿ, ಅಂಗಿಗೆ ತಾಗಿಕೊಂಡಿರಬೇಕು. ಹಾರಿಸುವಾಗ ಹ್ಯಾಂಡ್ ವಾರ್ಮರ್ ಎಂಬ, ಕೈ ಬೆಚ್ಚಗಾಗಿಸುವ ಪೊಟ್ಟಣವನ್ನು ತೆಳುವಾದ ಬಟ್ಟೆಯಲ್ಲಿ ಸುತ್ತಿ ಫೋನಿನ ಬೆನ್ನಿಗೆ ರಬ್ಬರ್ ಬ್ಯಾಂಡಿನಿಂದ ಕಟ್ಟಬಹುದು. ಅದರೊಳಗಿನ ಕಬ್ಬಿಣದ ಪುಡಿ ಗಾಳಿಯ ಆಮ್ಲಜನಕದೊಡನೆ ಸೇರಿ ತುಕ್ಕು ಹಿಡಿಯುವಾಗ ಶಾಖ ಹೊಮ್ಮುತ್ತದೆ. ಗಾಳಿಯಾಡದಂತೆ ಬಿಗಿಯಾಗಿ ಸುತ್ತಿದರೆ ಅದು ಬಿಸಿಯಾಗುವುದೇ ಇಲ್ಲ. ಬಟ್ಟೆಯಿಲ್ಲದೆ ನೇರವಾಗಿ ಅಂಟಿಸಬೇಡಿ, ಅತಿಯಾದ ಬಿಸಿಯೂ ಬ್ಯಾಟರಿಗೆ ಕೇಡು. ಗಾಳಿಯ ಬಗ್ಗೆ ಕಲಿಯುವವರಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಹವಾಮಾನ ವರದಿಯಲ್ಲಿ ಉಷ್ಣತೆ ಮೈನಸ್ 8, ಗಾಳಿಯಿಂದಾಗಿ ಮೈನಸ್ 15ರಂತೆ ಭಾಸವಾಗುತ್ತದೆ ಎಂದು ಹೇಳಿದಾಗ, ಆ ಎರಡನೆಯ ಅಂಕಿ ಮನುಷ್ಯರ ಚರ್ಮಕ್ಕೆ ಸಂಬಂಧಿಸಿದ್ದು. ಫೋನ್ ಎಷ್ಟೇ ಗಾಳಿಗೊಡ್ಡಿದರೂ ಮೈನಸ್ 8ಕ್ಕಿಂತ ತಣ್ಣಗಾಗಲಾರದು. ಆದರೆ ಅಲ್ಲಿಗೆ ಬಹಳ ಬೇಗ ತಲುಪುತ್ತದೆ. ಆದ್ದರಿಂದ ಗಾಳಿಗೆ ಬೆನ್ನು ಮಾಡಿ ನಿಲ್ಲುವುದಕ್ಕೂ ಅರ್ಥವಿದೆ.

ಪ್ರವಾಹವನ್ನು ತಗ್ಗಿಸುವುದು ಇದಕ್ಕಿಂತ ಕಷ್ಟ, ಏಕೆಂದರೆ ಡ್ರೋನ್ ಆಪ್ ಫೋನಿನಿಂದ ವಿಪರೀತ ದುಡಿಸಿಕೊಳ್ಳುತ್ತದೆ: ವಿಡಿಯೊ ಬಿಡಿಸಿ ತೋರಿಸಬೇಕು, ಜಿಪಿಎಸ್ ನಡೆಯುತ್ತಿರಬೇಕು, ಹಿಮದ ಬೆಳಕಿಗೆ ಕಣ್ಣು ಕೋರೈಸುವುದರಿಂದ ಪರದೆಯ ಹೊಳಪನ್ನು ಪೂರ್ತಿ ಏರಿಸಬೇಕು. ಪರದೆಗೆ ನೆರಳಿನ ಮುಚ್ಚಿಗೆ ಹಾಕಿದರೆ ಹೊಳಪನ್ನು ಇಳಿಸಬಹುದು. ಉಳಿದ ಆಪ್‌ಗಳನ್ನು ಮುಚ್ಚಿ, ನಕ್ಷೆಯನ್ನು ಮನೆಯಲ್ಲೇ ಇಳಿಸಿಕೊಂಡು, ರಿಮೋಟಿಗೆ ಕೇಬಲ್ ಮೂಲಕ ಜೋಡಿಸುವ ಮಾದರಿಯಾದರೆ ಏರ್‌ಪ್ಲೇನ್ ಮೋಡ್ ಹಾಕಿ. ಸಿಗ್ನಲ್ ದುರ್ಬಲವಾಗಿರುವ ಬಯಲಿನಲ್ಲಿ ಫೋನ್ ಟವರ್ ಹುಡುಕುತ್ತಲೇ ಬಹಳಷ್ಟು ಶಕ್ತಿ ವ್ಯಯಿಸುತ್ತದೆ. ಬ್ಯಾಟರಿ ಸೇವರ್ ಮಾತ್ರ ಬೇಡ, ಅದು ಪ್ರೊಸೆಸರನ್ನು ನಿಧಾನಗೊಳಿಸುವುದರಿಂದ ವಿಡಿಯೊ ತಡವರಿಸಬಹುದು.

ರಿಮೋಟ್ ಅಥವಾ ಪವರ್ ಬ್ಯಾಂಕಿನಿಂದ ವಿದ್ಯುತ್ ಕೊಟ್ಟರೆ ಫೋನಿನ ಹೊರೆಯ ಒಂದು ಪಾಲು ಹೊರಗಿನಿಂದ ಪೂರೈಕೆಯಾಗಿ ಬ್ಯಾಟರಿಯ ಮೇಲಿನ ಎಳೆತ ಕಡಿಮೆಯಾಗುತ್ತದೆ. ಆದರೆ ರಿಮೋಟಿನ ಬ್ಯಾಟರಿ ಬರಿದಾಗುವುದು ಫೋನ್ ಆರುವುದಕ್ಕಿಂತ ದೊಡ್ಡ ಅಪಾಯ ಎಂಬುದನ್ನು ಮರೆಯಬಾರದು. ಇನ್ನೊಂದು ಮಾತು: ಚಳಿಯಲ್ಲಿ ಬಳಸಿದ್ದರಿಂದ ಕಳೆದುಕೊಂಡ ಸಾಮರ್ಥ್ಯ ಬೆಚ್ಚಗಾದೊಡನೆ ಮರಳುತ್ತದೆ, ಸೊನ್ನೆಗಿಂತ ತಣ್ಣಗಿರುವ ಬ್ಯಾಟರಿಯನ್ನು ಚಾರ್ಜ್ ಮಾಡಿದ್ದರಿಂದ ಆದ ಹಾನಿ ಮರಳುವುದಿಲ್ಲ. ಆಗ ಅಯಾನುಗಳು ಒಂದು ಎಲೆಕ್ಟ್ರೋಡಾದ ಗ್ರಾಫೈಟಿನ ಒಳಗೆ ಸೇರುವ ಬದಲು ಮೇಲ್ಮೈಯಲ್ಲೇ ಲೋಹವಾಗಿ ಕೂರುತ್ತವೆ. ಹಲವು ಫೋನ್‌ಗಳು ತಣ್ಣಗಿರುವಾಗ ಚಾರ್ಜ್ ತೆಗೆದುಕೊಳ್ಳಲು ನಿರಾಕರಿಸುವುದು ಇದೇ ಕಾರಣಕ್ಕೆ.

ಇಷ್ಟಾದರೂ ಫೋನ್ ಆರಬಹುದು. ನನ್ನ ಕೆರೆಯ ದಡದ ಘಟನೆಯಲ್ಲಿ ಡ್ರೋನ್ ಬೀಳಲಿಲ್ಲ, ಇದ್ದಲ್ಲೇ ನಿಂತಿತ್ತು. ಡ್ರೋನ್‌ಗೆ ಆದೇಶ ಹೋಗುವುದು ರಿಮೋಟಿನಿಂದ. ಫೋನ್ ಕೇವಲ ಕಿಟಕಿ. ಕಿಟಕಿ ಮುಚ್ಚಿದರೂ ರಿಮೋಟಿನ ನಿಯಂತ್ರಣ ಕಡ್ಡಿಗಳು ಕೆಲಸ ಮಾಡುತ್ತವೆ, ಡ್ರೋನನ್ನು ಹೊರಟ ಜಾಗಕ್ಕೆ ಮರಳಿಸುವ ರಿಟರ್ನ್ ಟು ಹೋಮ್ ಗುಂಡಿಯೂ ಕೆಲಸ ಮಾಡುತ್ತದೆ. ರಿಮೋಟಿನ ಸಂಪರ್ಕ ಕಡಿದಿಲ್ಲವಾದ್ದರಿಂದ ಡ್ರೋನ್ ತಾನಾಗಿ ಹಿಂತಿರುಗುತ್ತದೆಂದು ಕಾಯುತ್ತ ನಿಲ್ಲಬಾರದು, ಗುಂಡಿಯನ್ನು ನಾವೇ ಒತ್ತಬೇಕು. ಹಿಂತಿರುಗುವ ಎತ್ತರವನ್ನು ಸುತ್ತಲಿನ ಮರಗಳಿಗಿಂತ ಮೇಲೆ ಇರುವಂತೆ ಮೊದಲೇ ಹೊಂದಿಸಿರಬೇಕು. ಫೋನಿನ ವೈಫೈಯಿಂದಲೇ ನೇರವಾಗಿ ನಿಯಂತ್ರಿಸುವ ಆಟಿಕೆ ಮಾದರಿಗಳಿಗೆ ಈ ಮಾತು ಅನ್ವಯಿಸದು. ಅಲ್ಲಿ ಫೋನ್ ಆರಿದರೆ ಸಂಪರ್ಕವೇ ಕಡಿಯುತ್ತದೆ. ಚಳಿ ಬರುವ ಮೊದಲೇ ಒಂದು ದಿನ ಬಯಲಿನಲ್ಲಿ ಐದು ಮೀಟರ್ ಎತ್ತರಕ್ಕೆ ಏರಿಸಿ, ಬೇಕೆಂದೇ ಕೇಬಲ್ ಕಿತ್ತು, ಕಣ್ಣಳತೆಯಿಂದಲೇ ಇಳಿಸಿ ನೋಡಿ. ಬೆರಳು ಮರಗಟ್ಟಿರುವಾಗ ನೆರವಿಗೆ ಬರುವುದು ಈ ಅಭ್ಯಾಸವೇ.

ಮನೆಗೆ ಮರಳುವಾಗ ಫೋನನ್ನು ಹೊರಗಿರುವಾಗಲೇ ಜಿಪ್ ಚೀಲದಲ್ಲಿ ಹಾಕಿ, ಒಳಗಿನ ಗಾಳಿಯನ್ನು ಹಿಂಡಿ ಮುಚ್ಚಿ. ಇಲ್ಲವಾದರೆ ತಣ್ಣೀರು ತುಂಬಿದ ತಂಬಿಗೆಯ ಹೊರಮೈ ಬೆವರುವಂತೆ ಫೋನಿನ ಮೇಲೂ ಚಾರ್ಜಿಂಗ್ ಕಿಂಡಿಯಲ್ಲೂ ನೀರು ಕೂರುತ್ತದೆ. ಚೀಲದ ಹೊರಗೆ ಮೂಡಿದ ತೇವ ಪೂರ್ತಿ ಆರಿ, ಫೋನ್ ಕೋಣೆಯಷ್ಟೇ ಬೆಚ್ಚಗಾದ ಮೇಲೆ ಅದನ್ನು ತೆರೆದು ಚಾರ್ಜಿಗೆ ಹಾಕಬಹುದು.