ಮೇನ್ ಓಡುತ್ತದೆ, ಶೆಡ್ಯೂಲರ್ ಮಾತ್ರ ನಿಂತುಬಿಡುತ್ತದೆ: ಯಾಕೆ?

ಓದುಗರ ಪ್ರಶ್ನೆ: ಎಸ್‌ಟಿಎಂ32ಎಫ್407 ಮೈಕ್ರೋಕಂಟ್ರೋಲರ್ ಬೋರ್ಡಿಗೆ ಬೂಟ್‌ಲೋಡರ್ (ಮೊದಲು ಓಡಿ ಮುಖ್ಯ ಪ್ರೋಗ್ರಾಂ ಶುರು ಮಾಡುವ ಪುಟ್ಟ ಪ್ರೋಗ್ರಾಂ) ಬರೆದಿದ್ದೇನೆ. ಅದು ಫ್ಲ್ಯಾಶ್‌ನ ಹೆಕ್ಸ್ 08008000 ವಿಳಾಸದಲ್ಲಿರುವ, ಫ್ರೀಆರ್‌ಟಿಓಎಸ್ ಎಂಬ ಪುಟ್ಟ ಆಪರೇಟಿಂಗ್ ಸಿಸ್ಟಂ ಬಳಸುವ ಅಪ್ಲಿಕೇಶನ್‌ಗೆ ಜಿಗಿಯುತ್ತದೆ. ಅದರ ಮೇನ್ ಫಂಕ್ಷನ್ ಓಡುತ್ತದೆ, ಎಲ್‌ಇಡಿ ಹೊತ್ತಿಕೊಳ್ಳುತ್ತದೆ. ಟಾಸ್ಕ್‌ಗಳನ್ನು ಸರದಿಯಲ್ಲಿ ಓಡಿಸುವ ಶೆಡ್ಯೂಲರ್ ಶುರು ಮಾಡಿದ ಕೂಡಲೇ ಎಲ್ಲಾ ನಿಂತುಹೋಗುತ್ತದೆ. ಬೂಟ್‌ಲೋಡರ್ ಇಲ್ಲದೆ ಹಾಕಿದರೆ ಸರಿಯಾಗಿದೆ. ತಪ್ಪು ಎಲ್ಲಿ?

ಮೇನ್ ಓಡಿತು ಅಂದರೆ ಜಿಗಿತ ಸರಿಯಾಗಿದೆ, ಲಿಂಕರ್ ವಿಳಾಸವೂ ಸರಿಯಾಗಿದೆ ಅಂತ ಅಷ್ಟೇ ಅರ್ಥ. ಎಲ್‌ಇಡಿ ಹೊತ್ತಿಸಲು ಇಂಟರಪ್ಟ್ (ಓಡುತ್ತಿರುವ ಕೆಲಸ ತಡೆದು ಬೇರೆ ಕೋಡ್‌ಗೆ ಕರೆದೊಯ್ಯುವ ಸಂಕೇತ) ಬೇಕಿಲ್ಲ. ಶೆಡ್ಯೂಲರ್‌ಗೆ ಬೇಕು.

407ರ ಪ್ರೊಸೆಸರ್ ಆದ ಕಾರ್ಟೆಕ್ಸ್-ಎಂ4ನಲ್ಲಿ ಫ್ರೀಆರ್‌ಟಿಓಎಸ್ ಮೊದಲ ಟಾಸ್ಕನ್ನು ಎಸ್‌ವಿಸಿ ಎಂಬ ಸೂಚನೆಯಿಂದ ಶುರು ಮಾಡುತ್ತದೆ. ಆಗ ಪ್ರೊಸೆಸರ್ ವೆಕ್ಟರ್ ಟೇಬಲ್‌ನ (ಯಾವ ಇಂಟರಪ್ಟ್‌ಗೆ ಯಾವ ಕೋಡ್ ಎಂದು ವಿಳಾಸ ಬರೆದಿಟ್ಟ ಪಟ್ಟಿ), ಸೊನ್ನೆಯಿಂದ ಎಣಿಸಿದರೆ 11ನೇ ನಮೂದು ನೋಡಿ ಅಲ್ಲಿಗೆ ಹೋಗುತ್ತದೆ. ಯಾವ ಟೇಬಲ್? ವಿಟಿಓಆರ್ ರಿಜಿಸ್ಟರ್ ತೋರಿಸುವುದು. ಅದು ಇನ್ನೂ 08000000ವನ್ನೇ ತೋರಿಸುತ್ತಿದ್ದರೆ ಸಿಗುವುದು ಬೂಟ್‌ಲೋಡರ್‌ನ ಎಸ್‌ವಿಸಿ ಹ್ಯಾಂಡ್ಲರ್, ಅಂದರೆ ಎಸ್‌ವಿಸಿ ಬಂದಾಗ ಓಡುವ ಕೋಡ್. ಅದು ಸಾಮಾನ್ಯವಾಗಿ ಖಾಲಿ, ಇಲ್ಲವೇ ಸುಮ್ನೆ ಸುತ್ತುವ ಲೂಪ್. ನಿಮ್ಮ ಬೋರ್ಡ್ ನಿಲ್ಲುವುದು ಹೆಚ್ಚಾಗಿ ಅಲ್ಲೇ.

"ಜಿಗಿಯುವ ಮೊದಲು ವಿಟಿಓಆರ್ ಬದಲಿಸಿದ್ದೇನಲ್ಲ" ಅನ್ನಬಹುದು. ಸಾಲದು. ಅಪ್ಲಿಕೇಶನ್‌ನ ಸ್ಟಾರ್ಟಪ್ ಕೋಡ್ ಮೇನ್‌ಗಿಂತ ಮೊದಲು ಸಿಸ್ಟಂಇನಿಟ್ ಕರೆಯುತ್ತದೆ. ಚಿಪ್ ತಯಾರಕ ಎಸ್‌ಟಿಯ ಹಳೆಯ ಫೈಲ್‌ಗಳಲ್ಲಿ ಅದು ವಿಟಿಓಆರ್‌ಗೆ ಫ್ಲ್ಯಾಶ್‌ನ ಮೊದಲ ವಿಳಾಸವನ್ನೇ ಮತ್ತೆ ಬರೆಯುತ್ತದೆ, ಆ ವಿಳಾಸಕ್ಕೆ ಕೂಡಿಸುವ ಆಫ್‌ಸೆಟ್ ನೀವು ಬದಲಿಸದಿದ್ದರೆ. ಹಾಗಾಗಿ ಆಫ್‌ಸೆಟ್ ಹೆಕ್ಸ್ 8000 ಮಾಡಿ. ಹೊಸ ಫೈಲ್‌ಗಳಲ್ಲಿ ಇದಕ್ಕಿರುವ ಮ್ಯಾಕ್ರೋ ತೆರೆಯದಿದ್ದರೆ ವಿಟಿಓಆರ್ ಮುಟ್ಟುವುದೇ ಇಲ್ಲ. ನನ್ನ ಪ್ರಕಾರ ಅಪ್ಲಿಕೇಶನ್ ತನ್ನ ಟೇಬಲ್ಲನ್ನು ತಾನೇ ಹೊಂದಿಸಿಕೊಳ್ಳಬೇಕು. ಬೂಟ್‌ಲೋಡರನ್ನು ನಂಬಿ ಕೂರಬಾರದು.

ಟೇಬಲ್ ಎಲ್ಲಿ ಬೇಕಾದರೂ ಇರುವಂತಿಲ್ಲ. 407ರಲ್ಲಿ 16 ಸಿಸ್ಟಂ ನಮೂದು, 82 ಇಂಟರಪ್ಟ್, ಒಟ್ಟು 98. ಒಂದಕ್ಕೆ 4 ಬೈಟ್‌ನಂತೆ 392 ಬೈಟ್. ಮುಂದಿನ ಎರಡರ ಘಾತ 512, ಆದ್ದರಿಂದ ವಿಳಾಸ 512ರ ಗುಣಕವಾಗಿರಬೇಕು. ನಿಮ್ಮ 08008000 ಸರಿಯಾಗಿದೆ. ಇಮೇಜ್ ಮುಂದೆ 64 ಬೈಟಿನ ಹೆಡರ್ ಅಂಟಿಸಿದರೆ ಟೇಬಲ್ ಅಷ್ಟು ಸರಿದು ಕೆಡುತ್ತದೆ.

ಇನ್ನು ಸಿಸ್‌ಟಿಕ್, ಅಂದರೆ ಗೊತ್ತಾದ ಅಂತರಕ್ಕೊಮ್ಮೆ ಟಿಕ್ ಎಂಬ ಇಂಟರಪ್ಟ್ ಕೊಡುವ ಟೈಮರ್. ಬೂಟ್‌ಲೋಡರ್ ಇದನ್ನು ಓಡುತ್ತಾ ಬಿಟ್ಟು ಜಿಗಿದರೆ, ಅಪ್ಲಿಕೇಶನ್ ಇನ್ನೂ ಒಂದು ಟಾಸ್ಕ್ ಕೂಡ ಮಾಡಿರುವುದಿಲ್ಲ, ಅಷ್ಟರಲ್ಲೇ ಟಿಕ್ ಬರುತ್ತದೆ. ಇನ್ನೂ ತಯಾರಾಗದ ಟಾಸ್ಕ್ ಪಟ್ಟಿಗಳನ್ನು ಫ್ರೀಆರ್‌ಟಿಓಎಸ್ ಕರ್ನಲ್ ಮುಟ್ಟಿದರೆ ಹಾರ್ಡ್‌ಫಾಲ್ಟ್, ಅಂದರೆ ಪ್ರೊಸೆಸರ್ ಮುಂದೆ ಹೋಗಲಾರದ ದೋಷ. ಇದು ಒಮ್ಮೆ ಬರುತ್ತದೆ, ಒಮ್ಮೆ ಬರುವುದಿಲ್ಲ, ಹಾಗಾಗಿ ತಲೆ ಜಾಸ್ತಿ ತಿನ್ನುತ್ತದೆ. ಜಿಗಿಯುವ ಮೊದಲು ಸಿಸ್‌ಟಿಕ್ ನಿಲ್ಲಿಸಿ. ತೆರೆದ ಎಲ್ಲ ಇಂಟರಪ್ಟ್ ಮುಚ್ಚಿ, ಬಾಕಿ ಉಳಿದವನ್ನೂ ಅಳಿಸಿ.

ಹಾಗಂತ ಎಲ್ಲ ಇಂಟರಪ್ಟ್ ಒಟ್ಟಿಗೆ ತಡೆಯುವ ಪ್ರೈಮಾಸ್ಕ್ ಹಾಕಿಯೇ ಜಿಗಿದರೆ ಬೇರೆ ತೊಂದರೆ. ಶೆಡ್ಯೂಲರ್ ಅದನ್ನು ತಾನೇ ತೆಗೆಯುತ್ತದೆ, ಆದರೆ ಅದಕ್ಕೂ ಮುಂಚೆ ಎಸ್‌ಟಿಯ ಹ್ಯಾಲ್ ಲೈಬ್ರರಿಯ ಡಿಲೇ ಕರೆದರೆ ಟಿಕ್ ಬಾರದೆ ಅಲ್ಲೇ ಕಾಯುತ್ತಾ ಕೂರುತ್ತದೆ.

ಬೂಟ್‌ಲೋಡರ್‌ನಲ್ಲೂ ಆರ್‌ಟಿಓಎಸ್ ಇದ್ದರೆ ಟಾಸ್ಕ್ ಒಳಗಿಂದ ಜಿಗಿಯಬೇಡಿ. ಟಾಸ್ಕ್ ಬಳಸುವುದು ಪ್ರೊಸೆಸ್ ಸ್ಟ್ಯಾಕ್. ಅಪ್ಲಿಕೇಶನ್ ಮೇನ್ ಸ್ಟ್ಯಾಕ್ ಮೇಲೆ ಶುರುವಾಗಬೇಕು. ಸುಲಭ ದಾರಿ: ರೀಸೆಟ್ ಆದರೂ ಅಳಿಯದ ಜಾಗದಲ್ಲಿ ಒಂದು ಗುರುತು ಬರೆದು, ರೀಸೆಟ್ ಮಾಡಿ, ಬೂಟ್‌ಲೋಡರ್ ಏನನ್ನೂ ತೆರೆಯುವ ಮೊದಲೇ ಜಿಗಿಯುವುದು. ಆಗ ಸಿಸ್‌ಟಿಕ್ ತಲೆನೋವೂ ಇರುವುದಿಲ್ಲ.

ಈಗ ಡಿಬಗರ್ ಹಾಕಿ, ನಿಂತಲ್ಲೇ ಎರಡು ರಿಜಿಸ್ಟರ್ ನೋಡಿ. ವಿಟಿಓಆರ್ 08008000 ಇದೆಯಾ? ಈಗ ಯಾವ ಇಂಟರಪ್ಟ್ ನಡೆಯುತ್ತಿದೆ ಎಂದು ತೋರಿಸುವ ಐಸಿಎಸ್ಆರ್‌ನ ಕೊನೆಯ 9 ಬಿಟ್ ಎಷ್ಟು? 11 ಇದ್ದರೆ ಎಸ್‌ವಿಸಿಯಲ್ಲಿ ಸಿಕ್ಕಿಕೊಂಡಿದೆ, ಆಗ ಟೇಬಲ್ ತಪ್ಪು. 3 ಇದ್ದರೆ ಹಾರ್ಡ್‌ಫಾಲ್ಟ್, ಆಗ ಸಿಸ್‌ಟಿಕ್ ಮತ್ತು ಸ್ಟ್ಯಾಕ್ ಕಡೆ ಹುಡುಕಿ.